ಸಿಲ್ವರ್ ಗೆದ್ದದ್ದು ಹೇಗೆ?

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳು ದೂರಕ್ಕೆ ಕಾಡಿನ ಹಾಗೇ ಕಾಣುತ್ತವೆ. ಒಳಗೆ ಹೊಕ್ಕರೆ ಎಷ್ಟೋ ಕಡೆ ಸಾಲಾಗಿ ನಿಂತಿರುವುದು ಒಂದೇ ಮರ, ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಇದು ಬೇಗ, ನೆಟ್ಟಗೆ ಬೆಳೆಯುತ್ತದೆ. ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದಂತಿದೆ. ಆದರೆ ಅದು ಇಷ್ಟು ಹಬ್ಬಲು ಕಾನೂನೂ ಕಾರಣ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಕಡಿಯಲು ಅನುಮತಿ ಬೇಡ. ನಂದಿ, ಹೊನ್ನೆಯಂಥ ಕಾಡುಮರವಾದರೆ ಅರ್ಜಿ ಹಾಕಬೇಕು, ಅಧಿಕಾರಿ ಬಂದು ನೋಡಬೇಕು. ಕೊಡಗಿನ ಕೆಲವು ಬಾಣೆ ಜಮೀನುಗಳಲ್ಲಂತೂ (ಹಿಂದೆ ಗದ್ದೆಯ ಜೊತೆಗೆ ಕೊಟ್ಟ ಕಾಡುನೆಲ) ತೋಟ ಬೆಳೆಗಾರರದ್ದು, ಮರದ ಹಕ್ಕು ಸರ್ಕಾರದ್ದು! ಮುಂದೆ ಕಡಿಯಲು ಕಷ್ಟವಾಗುವ ಮರವನ್ನು ಯಾರು ಬೆಳೆಸುತ್ತಾರೆ? ಮರ ಉಳಿಸಲು ಮಾಡಿದ ನಿಯಮ ಸಸಿಗೇ ಮುಳುವಾಯಿತು.

ಕಾಡುಮರ ತಾನಾಗಿಯೇ ಹುಟ್ಟುತ್ತದೆ ಅನ್ನುವುದು ಇಲ್ಲಿ ಮುಖ್ಯ. ಮಂಗಟ್ಟೆ, ಪಿಕಳಾರಗಳು ಅತ್ತಿ, ಬಸರಿ ಹಣ್ಣು ತಿಂದು ಹಿಕ್ಕೆ ಹಾಕುತ್ತವೆ. ಅದರಲ್ಲಿನ ಬೀಜ ತೋಟದಲ್ಲೇ ಮೊಳೆಯುತ್ತದೆ. ಕಳೆ ಕೊಚ್ಚುವವರ ಕತ್ತಿ ಅದನ್ನು ಬಿಟ್ಟರೆ ಮರ, ಬಿಡದಿದ್ದರೆ ಇಲ್ಲ. ಅಂದರೆ ಖರ್ಚಿಲ್ಲದೆ ಕಾಡುಮರ ಮರಳಬಹುದು, ಮಾಲೀಕರಿಗೆ ಅದು ಬೇಕು ಅನ್ನಿಸಬೇಕಷ್ಟೆ.

ಬೇಕು ಅನ್ನಿಸಲು ಕಾರಣವೂ ಇದೆ. ಅರೇಬಿಕಾ ಕಾಫಿ ಗಿಡದ ದೊಡ್ಡ ಶತ್ರು ಬಿಳಿ ಕಾಂಡಕೊರಕ ಅನ್ನುವ ದುಂಬಿ. ಬಿಸಿಲು ಬೀಳುವ ಕಾಂಡದ ಮೇಲೆ ಮೊಟ್ಟೆ ಇಡುವುದೆಂದರೆ ಅದಕ್ಕೆ ಇಷ್ಟ. ಒಳ್ಳೆಯ ನೆರಳಿದ್ದಲ್ಲಿ ಅದರ ಕಾಟ ಕಡಿಮೆ. ಆದರೆ ನೆರಳು ಜಾಸ್ತಿಯಾದರೆ ಫಸಲು ಇಳಿಯುತ್ತದೆ. ಅದಕ್ಕೇ ತಾನೇ ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವ ಕೆಲಸ, ಮಾಡುವುದು? ಕೂಲಿ ದುಬಾರಿಯಾದ ಈ ಕಾಲದಲ್ಲಿ ಹರಡಿಕೊಂಡ ಮರ ಹತ್ತಿಸಿ ಕೊಂಬೆ ಕಡಿಸುವುದು ಸಣ್ಣ ಖರ್ಚಲ್ಲ. ಈ ಖರ್ಚನ್ನು ಮರೆತು ಪರಿಸರದ ಉಪದೇಶ ಮಾಡುವವರನ್ನು ಕಂಡರೆ ಬೆಳೆಗಾರರಿಗೆ ರೇಗುವುದು ಸಹಜವೇ.

ಮಧ್ಯ ಅಮೆರಿಕದ ಕೋಸ್ಟರಿಕಾ ಬೇರೆ ದಾರಿ ಹಿಡಿಯಿತು. ಅಲ್ಲಿನ 1996ರ ಅರಣ್ಯ ಕಾಯ್ದೆ ಕಾಡು ಸವರುವುದನ್ನು ನಿಷೇಧಿಸಿತು. ಜೊತೆಗೇ ಮರ ಉಳಿಸಿಕೊಂಡ ಜಮೀನುದಾರರಿಗೆ ದುಡ್ಡು ಕೊಡುವ ಏರ್ಪಾಡನ್ನೂ ಮಾಡಿತು. ಅದಕ್ಕೆ ಹಣ ಮುಖ್ಯವಾಗಿ ಪೆಟ್ರೋಲ್, ಡೀಸೆಲ್ ತೆರಿಗೆಯಿಂದ ಬಂತು. ಈಗ ಆ ದೇಶದ ಅರ್ಧಕ್ಕಿಂತ ಹೆಚ್ಚು ನೆಲದಲ್ಲಿ ಕಾಡಿದೆ. ದನ ಸಾಕಣೆಯ ಲಾಭ ಇಳಿದದ್ದೂ ಇದಕ್ಕೆ ನೆರವಾಯಿತು, ಪೂರ್ತಿ ಹೆಗ್ಗಳಿಕೆ ಯೋಜನೆಗೇ ಸಲ್ಲಬೇಕಿಲ್ಲ.

ನಮ್ಮಲ್ಲಿ ದುಡ್ಡಿಗಿಂತ ಮೊದಲು ಹಕ್ಕು ಬೇಕು ಅಂತ ನನಗನ್ನಿಸುತ್ತದೆ. ನೆಟ್ಟ ಅಥವಾ ಉಳಿಸಿಕೊಂಡ ಹೊನ್ನೆ ಸಸಿ ಆಗಲೇ ದಾಖಲೆಗೆ ಸೇರಲಿ. ಮುಂದೆ ಮಕ್ಕಳ ಕಾಲಕ್ಕೆ ಅದನ್ನು ಕಡಿಯಲು ಓಡಾಟ ಬೇಡ ಅನ್ನುವ ಖಾತರಿ ಕಾಗದದ ಮೇಲೇ ಸಿಗಲಿ.