ಬೇಳೆ ತೂಕ ಒಣದ್ದಾ, ಬೆಂದದ್ದಾ? ಪ್ರೋಟೀನ್ ಲೆಕ್ಕದ ಟಿಪ್ಪಣಿ

ಮೊದಲು ಗುರಿ. ಸಾಮಾನ್ಯ ವಯಸ್ಕರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ್ದು ದಿನಕ್ಕೆ ಪ್ರತಿ ಕಿಲೋ ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್. ವೇಟ್ಸ್ ಎತ್ತುವವರಿಗೆ ಸಾಮಾನ್ಯವಾಗಿ 1.4ರಿಂದ 2 ಗ್ರಾಂ ಹೇಳುತ್ತಾರೆ. ನಡುವೆ 1.6 ಇಟ್ಟುಕೊಳ್ಳಿ. 60 ಕಿಲೋ ಇರುವವರಿಗೆ 96 ಗ್ರಾಂ ಆಯಿತು. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇಡ, ಡಾಕ್ಟರನ್ನು ಕೇಳಿ.

ತಲೆ ಕೆಡುವುದು ಇಲ್ಲಿಂದ ಮುಂದೆ. ಒಂದು ಪಟ್ಟಿಯಲ್ಲಿ 100 ಗ್ರಾಂ ತೊಗರಿಬೇಳೆಗೆ 22 ಗ್ರಾಂ ಪ್ರೋಟೀನ್ ಅಂತ ಇರುತ್ತದೆ, ಇನ್ನೊಂದರಲ್ಲಿ 7. ಎರಡೂ ಸರಿ! 22 ಅನ್ನುವುದು ಡಬ್ಬಿಯಲ್ಲಿರುವ ಒಣ ಬೇಳೆಗೆ, 7 ಬೆಂದ ಬೇಳೆಗೆ. ಕುಕ್ಕರಿನಲ್ಲಿ ಪ್ರೋಟೀನ್ ಎಲ್ಲೂ ಮಾಯವಾಗಿಲ್ಲ. ಬೇಳೆ ನೀರು ಕುಡಿದು 100 ಗ್ರಾಂ ಇದ್ದದ್ದು ಸುಮಾರು 300 ಗ್ರಾಂ ಆಗಿದೆ. ಅದೇ 22 ಗ್ರಾಂ ಈಗ 300 ಗ್ರಾಂನಲ್ಲಿ ಹಂಚಿಹೋಗಿದೆ. 22ನ್ನು 3ರಿಂದ ಭಾಗಿಸಿದರೆ ಏಳು ಚಿಲ್ಲರೆ ಬರುತ್ತದಲ್ವಾ? ಅಷ್ಟೇ ವಿಷಯ.

ಚಿಕನ್ ಇದಕ್ಕೆ ಉಲ್ಟಾ. ಬೇಯುವಾಗ ನೀರು ಬಿಡುತ್ತದೆ. 100 ಗ್ರಾಂ ಹಸಿ ಚಿಕನ್ ಬ್ರೆಸ್ಟ್ ಬೆಂದ ಮೇಲೆ ಸುಮಾರು 75 ಗ್ರಾಂ. ಹಸಿಯಲ್ಲಿದ್ದ 23 ಗ್ರಾಂ ಪ್ರೋಟೀನ್ ಹಾಗೇ ಒಳಗಿದೆ. ಆದ್ದರಿಂದ ಬೆಂದ ಚಿಕನ್ನಿಗೆ 100 ಗ್ರಾಂ ಲೆಕ್ಕದಲ್ಲಿ 31 ಅಂತ ಕಾಣುತ್ತದೆ.

ಈಗ ಅಡ್ಡಾದಿಡ್ಡಿ ಮಾಡಿ ನೋಡಿ. ತಟ್ಟೆಯಲ್ಲಿ 200 ಗ್ರಾಂ ಬೆಂದ ಬೇಳೆ ಇದೆ, ಒಣ ಬೇಳೆಯ ಅಂಕಿ ಹಿಡಿದಿರಿ ಅನ್ನಿ. ಲೆಕ್ಕದಲ್ಲಿ 44 ಗ್ರಾಂ, ಹೊಟ್ಟೆಗೆ ಹೋದದ್ದು 15ರ ಆಸುಪಾಸು. ಚಿಕನ್ ತಪ್ಪು ಲೆಕ್ಕ ಇಷ್ಟು ಹಾಳು ಮಾಡಲ್ಲ. ಬೇಳೆ ತಿನ್ನುವವರಿಗೇ ಪೆಟ್ಟು ಜಾಸ್ತಿ.

ನನಗೆ ಹಿಡಿಸಿದ ಉಪಾಯ: ಒಲೆಗೆ ಇಡುವ ಮುಂಚೆ ತೂಗುವುದು, ಆಮೇಲೆ ತಲೆಗಳಿಂದ ಭಾಗಿಸುವುದು. ನಾಲ್ಕು ಜನಕ್ಕೆ 200 ಗ್ರಾಂ ಬೇಳೆ ಹಾಕಿದರೆ ಒಬ್ಬರಿಗೆ 50, ಅಂದರೆ 11 ಗ್ರಾಂ ಪ್ರೋಟೀನ್. ಆದರೆ ಬೇಳೆ ತಳದಲ್ಲಿ ಕೂತಿರುತ್ತದೆ. ಸೌಟು ಮೇಲಿಂದಲೇ ಎತ್ತಿದರೆ ಬರುವುದು ಬರೀ ತಿಳಿ. ತಳ ಕಲಕಿ ಬಡಿಸಿಕೊಳ್ಳಿ. ಕಟ್ಟಿನ ಸಾರನ್ನು ಬೇಳೆ ಅಂತ ಬರೆದುಕೊಳ್ಳಲೇಬೇಡಿ.

ಉಳಿದವು ಬೇಗ ಮುಗಿಯುತ್ತವೆ. ಮೊಟ್ಟೆ ಒಂದಕ್ಕೆ 6 ಗ್ರಾಂ. ಒಣ ಸೋಯಾ ಚಂಕ್ಸ್ 50 ಗ್ರಾಂಗೆ ಸುಮಾರು 26. ನೆನೆಸಿ ಹಿಂಡಿ ತೂಗಿದರೆ ಮತ್ತೆ ಅದೇ ಗೋಳು. ರಾಗಿ ಹಿಟ್ಟು 100 ಗ್ರಾಂಗೆ 7, ಸುಮ್ನೆ ಬಿಡಬೇಡಿ, ಮುದ್ದೆಯನ್ನೂ ಸೇರಿಸಿ. ಕಡ್ಲೆಬೀಜದಲ್ಲಿ ಪ್ರೋಟೀನ್ ಚೆನ್ನಾಗಿದೆ, ಎಣ್ಣೆ ಅದಕ್ಕಿಂತ ಜಾಸ್ತಿ.

ವೇಟ್ಸ್ ಎತ್ತುವ ವ್ಯಾಯಾಮದ ಕಡೆ ಒಂದೇ ನಿಯಮ ಬರೆದಿಟ್ಟಿದ್ದೇನೆ. ಮೂರು ಸೆಟ್ (ಸುತ್ತು), ಪ್ರತಿ ಸೆಟ್‌ಗೆ 8ರಿಂದ 12 ರೆಪ್ಸ್, ಅಂದರೆ ನಿಲ್ಲಿಸದೆ ಅಷ್ಟು ಸಲ ಎತ್ತುವುದು. ಮೂರರಲ್ಲೂ 12 ಬಂದ ಮೇಲೆ 2.5 ಕಿಲೋ ಸೇರಿಸಿ, ಮತ್ತೆ 8ರಿಂದ ಶುರು. ಕೊನೆಯ ಸೆಟ್ 11ಕ್ಕೆ ನಿಂತರೆ ಮುಂದಿನ ಸಲವೂ ಅದೇ ತೂಕ.