ಮೂತಿ ಎತ್ತಿದ ಪಿಕಪ್

ಕೊಲರಾಡೊದಲ್ಲಿರುವ ಗೆಳೆಯ ಒಂದು ಟ್ರಾವೆಲ್ ಟ್ರೇಲರ್ ಕೊಂಡ. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇರುವ, ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆದೊಯ್ಯುವ ಗಾಲಿಮನೆ. ಮೊದಲ ದಿನ ಅವನು ಕಳಿಸಿದ ಫೋಟೊದಲ್ಲಿ ಟ್ರಕ್ಕಿನ ಹಿಂಭಾಗ ಕುಸಿದು ಕೂತಿತ್ತು, ಮೂತಿ ಆಕಾಶ ನೋಡುತ್ತಿತ್ತು. ರಾತ್ರಿ ಎದುರು ಬಂದವರೆಲ್ಲ ಲೈಟು ಮಿಟುಕಿಸಿದರಂತೆ; ಇವನು ಡಿಪ್ ಹಾಕಿದ್ದರೂ ಬೆಳಕು ನೇರ ಅವರ ಕಣ್ಣಿಗೇ ಹೊಡೆಯುತ್ತಿತ್ತು. "ಸ್ಟೀರಿಂಗ್ ಹೂವಿನಷ್ಟು ಹಗುರ ಆಗಿದೆ ಕಣೋ" ಎಂದ. ಅವನಿಗೆ ಅದು ಖುಷಿಯ ಸಂಗತಿ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಸ್ಟೀರಿಂಗ್ ಹಗುರವಾಗಿದೆ ಎಂದರೆ ಮುಂದಿನ ಗಾಲಿಗಳು ನೆಲವನ್ನು ಸರಿಯಾಗಿ ಒತ್ತುತ್ತಿಲ್ಲ ಎಂದರ್ಥ. ತಿರುಗಿಸುವ ಕೆಲಸವೂ ಬ್ರೇಕಿನ ದೊಡ್ಡ ಪಾಲೂ ಅವೇ ಗಾಲಿಗಳದ್ದು.

ಎತ್ತಿನ ಗಾಡಿಗೆ ಹೇರು ಹಾಕಿ ಗೊತ್ತಿರುವವರಿಗೆ ಇದರ ಅರ್ಧ ವಿಷಯ ಹೇಳಿಕೊಡಬೇಕಿಲ್ಲ. ಅಚ್ಚಿನ ಮುಂದಕ್ಕೆ ಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಅರೆಯುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಆದ್ದರಿಂದ ಹೇರು ಹಾಕುವವರು ನೊಗದ ಮೇಲೆ ಸ್ವಲ್ಪವೇ ಮುಂಭಾರ ಇರುವಂತೆ ನೋಡಿಕೊಳ್ಳುತ್ತಾರೆ. ಟ್ರೇಲರಿಗೂ ಅದೇ ಬೇಕು. ಟ್ರಕ್ಕಿನ ಹಿಂದೆ ಚಾಚಿಕೊಂಡಿರುವ ಉಕ್ಕಿನ ಗುಂಡಿನ ಮೇಲೆ ಟ್ರೇಲರಿನ ಮೂತಿ ಕೂರುತ್ತದೆ; ಅಲ್ಲಿ ಅದು ಕೆಳಕ್ಕೆ ಒತ್ತುವ ಭಾರವನ್ನು ಟಂಗ್ ವೇಟ್ ಎನ್ನುತ್ತಾರೆ. ಅಮೆರಿಕದ ರೂಢಿಯಲ್ಲಿ ಇದು ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕು. ಇದಕ್ಕಿಂತ ತೀರ ಕಡಿಮೆಯಾದರೆ, ಅಂದರೆ ಭಾರವೆಲ್ಲ ಹಿಂದಕ್ಕೆ ಸರಿದರೆ, ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ. ನಿಧಾನಕ್ಕೆ ಹೋಗುವಾಗ ಆ ಓಲಾಟ ತಾನಾಗಿಯೇ ಅಡಗುತ್ತದೆ. ಒಂದು ವೇಗ ದಾಟಿದ ಮೇಲೆ ಅಡಗುವುದಿಲ್ಲ, ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಕೊನೆಗೆ ಟ್ರಕ್ಕನ್ನೇ ರಸ್ತೆಯಿಂದಾಚೆ ಎಳೆದೊಯ್ಯುತ್ತದೆ. ಯುರೋಪಿನ ಕ್ಯಾರವಾನುಗಳು ಇದಕ್ಕಿಂತ ಬಹಳ ಕಡಿಮೆ ಮೂತಿಭಾರದಲ್ಲಿ ಓಡುತ್ತವೆ ನಿಜ. ಅಲ್ಲಿ ಎಳೆಯುವ ವಾಹನಗಳಿಗೆ ವೇಗದ ಮಿತಿಯೂ ಬಿಗಿಯಾಗಿದೆ.

ಗೆಳೆಯನ ಟ್ರೇಲರ್ ಸಾಮಾನು ತುಂಬಿದ ಮೇಲೆ 2,400 ಕೆ.ಜಿ. ಮೂತಿಯ ಭಾರ 300 ಕೆ.ಜಿ. ಅನುಪಾತ ಸರಿಯಾಗಿಯೇ ಇದೆ. ಮತ್ತೆ ತೊಂದರೆ ಎಲ್ಲಿ? ಆ ಭಾರ ಬೀಳುತ್ತಿರುವುದು ಹಿಂದಿನ ಅಚ್ಚಿನ ಮೇಲಲ್ಲ, ಅದಕ್ಕಿಂತ ಒಂದೂವರೆ ಮೀಟರ್ ಆಚೆ. ಹಿಂದಿನ ಗಾಲಿಯೇ ಏತದ ಕಂಬವಾಯಿತು. ಒಂದು ತುದಿ ಕೆಳಗಿಳಿದರೆ ಇನ್ನೊಂದು ಮೇಲೇಳಲೇಬೇಕು. ಎರಡು ಅಚ್ಚುಗಳ ನಡುವೆ 3.5 ಮೀಟರ್ ಎಂದು ಹಿಡಿದರೆ, 300ನ್ನು 1.5ರಿಂದ ಗುಣಿಸಿ 3.5ರಿಂದ ಭಾಗಿಸಬೇಕು: ಮುಂದಿನ ಗಾಲಿಗಳು ಸುಮಾರು 129 ಕೆ.ಜಿ. ಕಳೆದುಕೊಳ್ಳುತ್ತವೆ. ಆ 129 ಕೂಡ ಹಿಂದಿನ ಗಾಲಿಗಳಿಗೇ ಸೇರುತ್ತದೆ. ಹೇರಿದ್ದು 300, ಹಿಂದಿನ ಅಚ್ಚು ಹೊತ್ತಿದ್ದು 429!

ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಭಾರವನ್ನು ಹಂಚುವ ಕೊಂಡಿ, ಇದಕ್ಕೇ ಇರುವುದು. ಗುಂಡು ಕೂತಿರುವ ಹಿಚ್ಚಿನ ತಲೆಯಿಂದ ಎರಡು ಉಕ್ಕಿನ ಸ್ಪ್ರಿಂಗ್ ಬಾರುಗಳು ಹಿಂದಕ್ಕೆ, ಟ್ರೇಲರಿನ ಚೌಕಟ್ಟಿನ ಕೆಳಗೆ ಚಾಚಿಕೊಳ್ಳುತ್ತವೆ. ಅವುಗಳ ತುದಿಯನ್ನು ಸರಪಳಿಯಿಂದಲೋ ಬ್ರ್ಯಾಕೆಟ್ಟಿನಿಂದಲೋ ಮೇಲಕ್ಕೆ ಬಿಗಿದು ಚೌಕಟ್ಟಿಗೆ ಸಿಕ್ಕಿಸುತ್ತಾರೆ. ತಳ್ಳುಗಾಡಿಯ ಹಿಡಿಗಳನ್ನು ಎತ್ತಿದರೆ ಅದರ ಮುಂದಿನ ಗಾಲಿಯ ಮೇಲೆ ಭಾರ ಬೀಳುವುದಿಲ್ಲವೆ, ಹಾಗೆ. ಬಾಗಿದ ಬಾರುಗಳು ಟ್ರಕ್ಕಿನ ಬಾಲವನ್ನು ಎತ್ತಿ ಮೂತಿಯನ್ನು ಕೆಳಕ್ಕೆ ಒತ್ತುತ್ತವೆ. ಕಳೆದುಕೊಂಡ 129ರಲ್ಲಿ ಅರ್ಧದಷ್ಟನ್ನು ಮುಂದಿನ ಗಾಲಿಗಳಿಗೆ ವಾಪಸು ಕೊಟ್ಟರೆ ಹಿಂದಿನ ಅಚ್ಚಿನ ಹೆಚ್ಚುವರಿ ಭಾರ 429ರಿಂದ ಸುಮಾರು 330ಕ್ಕೆ ಇಳಿಯುತ್ತದೆ. ಗುಂಡಿನಿಂದ ಟ್ರೇಲರಿನ ಗಾಲಿಗಳಿಗೆ 5 ಮೀಟರ್ ದೂರವಿದ್ದರೆ ಸುಮಾರು 35 ಕೆ.ಜಿ. ಆ ಗಾಲಿಗಳ ಪಾಲಿಗೆ ಹೋಗುತ್ತದೆ. ಕೂಡಿ ಕಳೆದು ನೋಡಿ, ಮೊತ್ತ ಅದೇ 300. ಈ ಹಿಚ್ ಒಂದು ಗ್ರಾಮನ್ನೂ ಮಾಯ ಮಾಡುವುದಿಲ್ಲ. ಟ್ರಕ್ಕಿನ ಎಳೆಯುವ ಮಿತಿಯನ್ನು ಹೆಚ್ಚಿಸುವುದೂ ಇಲ್ಲ, ತಪ್ಪಾಗಿ ತುಂಬಿದ ಟ್ರೇಲರನ್ನು ನೆಟ್ಟಗೆ ಮಾಡುವುದೂ ಇಲ್ಲ.

ಹಿಚ್ ಮಾರಿದ ಅಂಗಡಿಯವರು ಗೆಳೆಯನಿಗೆ 1,200 ಪೌಂಡ್ ಮೂತಿಭಾರಕ್ಕೆಂದು ಮಾಡಿದ ಬಾರುಗಳನ್ನು ಕೊಟ್ಟಿದ್ದರು, "ದಪ್ಪ ಇದ್ದಷ್ಟೂ ಒಳ್ಳೆಯದು" ಎಂದು. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ಬಾರು ಸ್ಪ್ರಿಂಗ್, ಬಾಗುವುದೇ ಅದರ ಕೆಲಸ. ತೀರ ಗಡುಸಾದರೆ ರಸ್ತೆಯ ಪ್ರತಿ ಉಬ್ಬಿನ ಹೊಡೆತವೂ ಟ್ರೇಲರಿನ ಚೌಕಟ್ಟಿಗೆ ಹಾಗೇ ಹೋಗುತ್ತದೆ. ತೀರ ಮೆತ್ತಗಾದರೆ ಬಿಗಿದಷ್ಟೂ ಬಾಗಿ, ಮುಂದಿನ ಗಾಲಿಗೆ ಏನೂ ತಲುಪುವುದಿಲ್ಲ. ಇವನ 300 ಕೆ.ಜಿ. ಎಂದರೆ ಸುಮಾರು 660 ಪೌಂಡ್. ಟ್ರಕ್ಕಿನ ಹಿಂದಿನ ಅಚ್ಚಿನಿಂದಾಚೆ ಇಡುವ ಸೌದೆ, ಐಸ್ ಪೆಟ್ಟಿಗೆಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಆಗಲೂ 750ರ ಆಸುಪಾಸು. 800 ಪೌಂಡಿನ ಬಾರು ಧಾರಾಳ ಸಾಕು. ಕಂಪನಿಯ ಕೈಪಿಡಿಯಲ್ಲಿ ಅಚ್ಚಾದ ಖಾಲಿ ಟ್ರೇಲರಿನ ಅಂಕಿಯನ್ನು ನಂಬಿ ಆರಿಸುವುದೂ ತಪ್ಪೇ. ಬ್ಯಾಟರಿ, ಗ್ಯಾಸ್ ಸಿಲಿಂಡರುಗಳು ಸಾಮಾನ್ಯವಾಗಿ ಕೂರುವುದು ಮೂತಿಯ ಮೇಲೆಯೇ. ಇನ್ನು ಟ್ರಕ್ಕಿನ ರಿಸೀವರಿಗೆ, ಅಂದರೆ ಹಿಚ್ ಸಿಕ್ಕಿಸುವ ಹಿಂಬದಿಯ ಕೊಳವೆಗೆ, ಅಂಟಿಸಿರುವ ಚೀಟಿಯಲ್ಲಿ ಈ ಹಿಚ್ ಇದ್ದಾಗ ಇಷ್ಟು, ಇಲ್ಲದಾಗ ಇಷ್ಟು ಎಂದು ಎರಡು ಮಿತಿಗಳಿರುವುದುಂಟು, ಎರಡನ್ನೂ ಓದಬೇಕು.

ಓಲಾಟ ತಡೆಯುವುದಕ್ಕೆ ಬೇರೆ ಏರ್ಪಾಡು ಬೇಕು. ಕೆಲವು ಹಿಚ್ಚುಗಳಲ್ಲಿ ಅದೂ ಜೊತೆಗೇ ಬರುತ್ತದೆ: ಬಾರುಗಳು ಸರಪಳಿಯಲ್ಲಿ ತೂಗುವ ಬದಲು ಬ್ರ್ಯಾಕೆಟ್ಟಿನ ಮೇಲೆ ಉಜ್ಜುತ್ತವೆ, ಆ ಘರ್ಷಣೆಯೇ ಓಲಾಟವನ್ನು ಹಿಡಿಯುತ್ತದೆ. ತಿರುವಿನಲ್ಲಿ ಕಿರಗುಟ್ಟುತ್ತದೆ, ಆದರೂ ಉದ್ದನೆಯ ಟ್ರೇಲರಿಗೆ ನಾನು ಅದನ್ನೇ ಹೇಳುತ್ತೇನೆ. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋಗುವಾಗ ಗಾಳಿ ಮೊದಲು ತಳ್ಳುತ್ತದೆ, ಆಮೇಲೆ ಎಳೆಯುತ್ತದೆ. ಆಗ ಅದರ ಬೆಲೆ ತಿಳಿಯುತ್ತದೆ. ಓಲಾಟ ಶುರುವಾಗಿಯೇಬಿಟ್ಟರೆ ಟ್ರಕ್ಕಿನ ಬ್ರೇಕ್ ತುಳಿಯಬಾರದು. ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಚಾಲಕನ ಬಳಿಯಿರುವ ನಿಯಂತ್ರಕದಿಂದ ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಒತ್ತಬೇಕು.

ಎಷ್ಟು ಬಿಗಿಯಬೇಕು ಎನ್ನುವುದಕ್ಕೆ ಟ್ರಕ್ಕಿನ ಮ್ಯಾನ್ಯುಯಲ್ಲೇ ಆಧಾರ. ಟ್ರಕ್ ಮಟ್ಟಸವಾಗಿ ಕಂಡರೆ ಸಾಕು ಎಂದು ಹಿಂದೆ ಹೇಳುತ್ತಿದ್ದರು. ಆದರೆ ಅತಿಯಾಗಿ ಬಿಗಿದರೆ ಹಿಂದಿನ ಗಾಲಿಗಳು ಹಗುರವಾಗಿ, ಒದ್ದೆ ತಿರುವಿನಲ್ಲಿ ಟ್ರಕ್ಕಿನ ಬಾಲ ಜಾರುವ ಅಪಾಯವಿದೆ. ಮುಂದಿನ ಗಾಲಿಯ ಕಮಾನಿನ ಎತ್ತರವನ್ನು ಟ್ರೇಲರ್ ಕಟ್ಟುವ ಮೊದಲು, ಕಟ್ಟಿದ ಮೇಲೆ, ಬಾರು ಬಿಗಿದ ಮೇಲೆ ಟೇಪಿನಲ್ಲಿ ಅಳೆದರೆ ಅಂದಾಜು ಸಿಗುತ್ತದೆ. ನಿಜವಾದ ಉತ್ತರ ಸಿಗುವುದು ವೇಬ್ರಿಡ್ಜಿನಲ್ಲಿ. ಅಮೆರಿಕದ ಹೆದ್ದಾರಿಗಳಲ್ಲಿ ಲಾರಿಗಳು ತಂಗುವ ಕಡೆ ಒಂದೊಂದು ಅಚ್ಚನ್ನೂ ಬೇರೆಬೇರೆಯಾಗಿ ತೂಗುವ ಕ್ಯಾಟ್ ಸ್ಕೇಲುಗಳಿವೆ.

ಬಾರು ಬದಲಾಯಿಸಿಕೊಂಡು ಗೆಳೆಯ ಅಲ್ಲಿಗೆ ಹೋಗಿ ಮೂರು ಸಲ ತೂಗಿಸಿದ. ಮೊದಲು ಟ್ರಕ್ ಒಂದೇ, ಆಮೇಲೆ ಬಾರು ಬಿಗಿಯದ ಟ್ರೇಲರಿನೊಂದಿಗೆ, ಕೊನೆಗೆ ಬಿಗಿದು. ಮೂರನೆಯ ಚೀಟಿಯಲ್ಲಿ ಮುಂದಿನ ಅಚ್ಚಿಗೆ 70 ಕೆ.ಜಿ. ವಾಪಸು ಬಂದಿತ್ತು. ಫೋನಿನಲ್ಲಿ ಅಂಕಿಗಳನ್ನು ಓದಿ ಹೇಳುವಾಗ ಅವನ ದನಿಯಲ್ಲಿ ಪರೀಕ್ಷೆ ಪಾಸಾದ ಹುಡುಗನ ಸಂಭ್ರಮ. "ನೀರಿನ ಟ್ಯಾಂಕು ಖಾಲಿ ಇತ್ತಾ?" ಎಂದು ಕೇಳಿದೆ. ಅವನ ಟ್ರೇಲರಿನಲ್ಲಿ 150 ಲೀಟರಿನ ಟ್ಯಾಂಕು ಗಾಲಿಗಳಿಗಿಂತ ಹಿಂದಿದೆ. ತುಂಬಿದರೆ 150 ಕೆ.ಜಿ. ಹಿಂಭಾರ, ಮೂತಿ ಹಗುರ. ಸ್ವಲ್ಪ ಹೊತ್ತು ಸುಮ್ಮನಿದ್ದ. ಮರುದಿನ ಬೆಳಿಗ್ಗೆ ಟ್ಯಾಂಕು ತುಂಬಿಸಿಕೊಂಡು ಮತ್ತೆ ತೂಗಿಸಲು ಹೊರಟ.