ವಿದೇಶಿ ಉದ್ಯೋಗದ ಏಜೆಂಟರು: ರಸೀದಿ, ವೀಸಾ ಮತ್ತು ದೂರು

ವಿದೇಶದಲ್ಲಿ ಕೆಲಸ ಕೊಡಿಸುವುದಾಗಿ ನಂಬಿಸಿ ಕೈಕೊಟ್ಟವರ ವಿರುದ್ಧ ದೂರು ಹೊತ್ತು ಬರುವ ಕಕ್ಷಿದಾರರ ಕಡತದಲ್ಲಿ ನಾನು ಮೊದಲು ಹುಡುಕುವುದು ಹಣದ ರಸೀದಿಯನ್ನು. 1983ರ ವಲಸೆ ಕಾಯ್ದೆಯಂತೆ ಕೇಂದ್ರ ಸರ್ಕಾರದ ನೋಂದಣಿಯಿಲ್ಲದೆ ಯಾರೂ ವಿದೇಶಿ ಉದ್ಯೋಗಕ್ಕೆ ನೇಮಕಾತಿ ನಡೆಸುವಂತಿಲ್ಲ. ನೋಂದಾಯಿತ ಏಜೆಂಟರೂ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚಿನ ಸೇವಾ ಶುಲ್ಕ ಪಡೆಯುವಂತಿಲ್ಲ. ಆದ್ದರಿಂದಲೇ ಲಕ್ಷಗಟ್ಟಲೆ ವಸೂಲು ಮಾಡುವವರು ಮಿತಿಯೊಳಗಿನ ಮೊತ್ತಕ್ಕಷ್ಟೇ ರಸೀದಿ ಬರೆದು ಉಳಿದದ್ದನ್ನು ನಗದಾಗಿ ಕೇಳುತ್ತಾರೆ, ಇಲ್ಲವೇ ಸಂಸ್ಥೆಗೆ ಸಂಬಂಧವೇ ಇಲ್ಲದ ವ್ಯಕ್ತಿಯ ಯುಪಿಐ ಖಾತೆಗೆ ಹಾಕಿಸಿಕೊಳ್ಳುತ್ತಾರೆ. ಅಲ್ಲಿಗೇ ವ್ಯವಹಾರ ನಿಲ್ಲಿಸುವುದು ಲೇಸು.

ನೋಂದಾಯಿತ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಬೇರೆ ಸಂಸ್ಥೆಯ ಪರವಾನಗಿ ಸಂಖ್ಯೆಯನ್ನು ತಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಳ್ಳುವವರೂ ಇರುವುದರಿಂದ ಸಂಖ್ಯೆಯ ಜೊತೆಗೆ ವಿಳಾಸ, ದೂರವಾಣಿಗಳೂ ತಾಳೆಯಾಗಬೇಕು. (ಓದಿಗೆ ಕಳುಹಿಸುವ ಸಲಹಾ ಸಂಸ್ಥೆಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿ ಆಯಾ ವಿಶ್ವವಿದ್ಯಾಲಯವನ್ನೇ ನೇರವಾಗಿ ವಿಚಾರಿಸಬೇಕು.)

ಮುಂದಿನದು ವೀಸಾ. ಪ್ರಯಾಣದ ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಬರುವ ಆ ಒಂದು ಹಾಳೆಯಲ್ಲಿ ವೀಸಾದ ವರ್ಗ ಯಾವುದೆಂದು ಬರೆದಿರುತ್ತದೆ. ಅಲ್ಲಿ ಪ್ರವಾಸ ಅಥವಾ ಭೇಟಿ ಎಂದಿದ್ದರೆ, 'ಹೋದ ಮೇಲೆ ಬದಲಾಯಿಸಿಕೊಡುತ್ತೇವೆ' ಎಂಬ ಮಾತನ್ನು ನಂಬಬಾರದು. ಥಾಯ್ಲೆಂಡ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸವೆಂದು ಹೊರಟ ಯುವಕರನ್ನು ಅಕ್ರಮವಾಗಿ ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಒತ್ತೆಯಿಟ್ಟು ಆನ್‌ಲೈನ್ ವಂಚನೆಗೆ ದುಡಿಸಿಕೊಂಡ ಪ್ರಕರಣಗಳ ಬಗ್ಗೆ ಸಚಿವಾಲಯವು 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಕೆ ನೀಡಿತ್ತು.

ಮೋಸ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಆನ್‌ಲೈನಿನಲ್ಲಿ ಕಳುಹಿಸಿದ ಹಣ ಕೈ ಬದಲಾಗುವ ಮೊದಲೇ ಖಾತೆಯಲ್ಲಿ ತಡೆಹಿಡಿಯುವ ಅವಕಾಶವಿರುತ್ತದೆ. ಏಜೆಂಟರ ಕಚೇರಿ ಬೇರೆ ಊರಿನಲ್ಲಿದೆಯೆಂದು ಠಾಣೆಯವರು ವಾಪಸು ಕಳುಹಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲೇ ನಡೆದಿದ್ದರೂ ದೂರು ಕೊಡಬಹುದು. ದೂರಿನ ಪ್ರತಿಯನ್ನು ವಿದೇಶಾಂಗ ಸಚಿವಾಲಯದ ಅಧೀನದಲ್ಲಿರುವ ವಲಸೆ ಸಂರಕ್ಷಕರ (ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್) ಕಚೇರಿಗೂ ತಲುಪಿಸಬೇಕು. ಏಜೆಂಟರು ಕಳುಹಿಸಿದ ಸಂದೇಶಗಳೂ ಸಾಕ್ಷ್ಯವೇ, ಸಿಟ್ಟಿನಲ್ಲಿ ಅವನ್ನು ಅಳಿಸಿಹಾಕಿದರೆ ನಷ್ಟ ನಮಗೇ.

ದೂರು ದಾಖಲಾಗುತ್ತಿದ್ದಂತೆ ಏಜೆಂಟರು ಸ್ವಲ್ಪ ಹಣ ಮರಳಿಸಿ, 'ಕೈಸಾಲ ತೀರಿತು' ಎಂದು ಛಾಪಾ ಕಾಗದದಲ್ಲಿ ಬರೆಸಿಕೊಳ್ಳಲು ಬರುವುದುಂಟು. ವೀಸಾಕ್ಕೆಂದು ಕೊಟ್ಟ ಹಣವನ್ನು ಸಾಲವೆಂದು ಒಪ್ಪಿದ ಆ ಪತ್ರವೇ ಮುಂದೆ ನ್ಯಾಯಾಲಯದಲ್ಲಿ ಅವರ ಪರವಾದ ಸಾಕ್ಷ್ಯವಾಗುತ್ತದೆ. ವಕೀಲರಿಗೆ ತೋರಿಸದೆ ಅದಕ್ಕೆ ಸಹಿ ಹಾಕಬಾರದು.